ಸುಮ್ನೆ ಆಡೋ ಪೋಕರ್‌ಗೆ ಇಷ್ಟೊಂದು ರೂಲ್ಸ್ ಯಾಕೆ?

"ನಾವೆಲ್ಲ ಫ್ರೆಂಡ್ಸ್ ಅಲ್ವಾ? ಸುಮ್ನೆ ಟೈಮ್‌ಪಾಸ್‌ಗೆ ಕೂತಿದ್ದೀವಿ. ಇದಕ್ಕೂ ಇಷ್ಟೊಂದು ರೂಲ್ಸ್ ಯಾಕೆ ಮಾರಾಯಾ?"

ನಮ್ಮ ಮನೆಯಲ್ಲಿ ಪೋಕರ್ ಆಟ ಕೂಡುವುದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಹೊಸಬರು ಬಂದ ದಿನ ಕೇಳುತ್ತಾರೆ. ಹಳಬರು ಸೋತ ದಿನ ಕೇಳುತ್ತಾರೆ. ಗೆದ್ದ ದಿನ ಯಾರೂ ಕೇಳಿದ್ದು ನೆನಪಿಲ್ಲ.

ಎಲ್ಲ ರೂಲ್ಸೂ ಬೇಕಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಒಬ್ಬನ ಕೈಯಲ್ಲಿ ಏನಿದೆ, ಅವನು ಮುಂದೆ ಏನು ಮಾಡುತ್ತಾನೆ ಎಂಬ ಸುಳಿವು ಇನ್ನೊಬ್ಬನಿಗೆ ಪುಕ್ಕಟೆಯಾಗಿ ಸಿಗುವ ಜಾಗದಲ್ಲಿ ನಾನು ಒಂಚೂರೂ ಬಿಟ್ಟುಕೊಡುವುದಿಲ್ಲ. ಮಿಕ್ಕಿದ್ದರಲ್ಲಿ ಹೇಗೆ ಬೇಕಾದರೂ ಆಡಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಹೇಳುತ್ತಿರುವುದು ಟೆಕ್ಸಸ್ ಹೋಲ್ಡೆಮ್ ಬಗ್ಗೆ. ಒಬ್ಬೊಬ್ಬರಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬಿಚ್ಚುತ್ತಾರೆ. ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಯದು ರಿವರ್. ಎಲೆ ಹಂಚಿದ ಮೇಲೆ ಒಂದು ಸುತ್ತು ಬೆಟ್ಟಿಂಗ್, ಆಮೇಲೆ ನಡುವೆ ಎಲೆ ಬಿಚ್ಚಿದಾಗಲೆಲ್ಲ ಇನ್ನೊಂದು ಸುತ್ತು.

ಈಗ ಒಂದು ಸನ್ನಿವೇಶ ನೋಡಿ. ಎದುರಿನವನು 500 ಹಾಕಿದ್ದಾನೆ. ನಮ್ಮವನೊಬ್ಬ ನಿಧಾನಕ್ಕೆ 500ರ ಚಿಪ್ಸ್ (ಹಣದ ಬದಲು ಇಡುವ ಬಿಲ್ಲೆ) ಎಣಿಸಿ ಮುಂದೆ ತಳ್ಳುತ್ತಾನೆ. ಕೈ ಇನ್ನೂ ಚಿಪ್ಸ್ ಮೇಲೇ ಇದೆ, ಕಣ್ಣು ಮಾತ್ರ ಎದುರಿನವನ ಮುಖದ ಮೇಲೆ. ಆ ಕಡೆಯವನು ಸದ್ಯ ಕಾಲ್ ಅಷ್ಟೇ, ಅಂದರೆ ನಾನು ಹಾಕಿದಷ್ಟನ್ನೇ ಇವನೂ ಹಾಕುತ್ತಿದ್ದಾನೆ ಅಂದುಕೊಂಡು ಬಿಗಿಹಿಡಿದ ಉಸಿರು ಬಿಡುತ್ತಾನೆ, ಹೆಗಲು ಸಡಿಲವಾಗುತ್ತದೆ. ಅದನ್ನು ನೋಡಿದ ಮೇಲೆ ಇವನು "ಮೇಲೆ ಇನ್ನೊಂದು ಸಾವಿರ" ಅಂತ ಮತ್ತೊಂದು ಗುಡ್ಡೆ ತಳ್ಳುತ್ತಾನೆ. ಇದಕ್ಕೆ ಸ್ಟ್ರಿಂಗ್ ಬೆಟ್ ಅನ್ನುತ್ತಾರೆ. ಮೊದಲ ತಳ್ಳುವಿಕೆಯಿಂದ ಎದುರಿನವನ ಮನಸ್ಸು ಓದಿದ, ಎರಡನೆಯದರಿಂದ ಅದರ ಲಾಭ ತೆಗೆದ. ನಿಯಮ ಏನಂದರೆ, ರೈಸ್ ಮಾಡುವುದಿದ್ದರೆ (ಎದುರಿನವನಿಗಿಂತ ಹೆಚ್ಚು ಹಾಕುವುದಿದ್ದರೆ) ಮೊದಲೇ ಬಾಯಲ್ಲಿ ಹೇಳಬೇಕು, ಇಲ್ಲಾ ಪೂರ್ತಿ ಮೊತ್ತವನ್ನು ಒಂದೇ ಸಲಕ್ಕೆ ಮುಂದೆ ಇಡಬೇಕು. ಎರಡೂ ಮಾಡದಿದ್ದರೆ ಅದು ಕಾಲ್ ಅಷ್ಟೇ.

ಇದನ್ನು ಬೇಕೆಂದೇ ಮಾಡುವವರು ಕಮ್ಮಿ. ಹೆಚ್ಚಿನವರಿಗೆ ಅದು ಅಭ್ಯಾಸ. ಆದರೆ ಉದ್ದೇಶ ಏನೇ ಇರಲಿ, ಸುಳಿವು ಸಿಕ್ಕಿದ್ದಂತೂ ನಿಜ. ಇಂಥದ್ದನ್ನು ಸಡಿಲ ಬಿಟ್ಟರೆ ಲಾಭ ಆಗುವುದು ಯಾವಾಗಲೂ ಪಳಗಿದವನಿಗೆ, ಬಾಯಿ ಜೋರಿದ್ದವನಿಗೆ. ನಷ್ಟ ಹೊಸಬನಿಗೆ. ತನಗೆ ಏನಾಯಿತು ಅಂತಲೂ ಅವನಿಗೆ ತಿಳಿಯುವುದಿಲ್ಲ. ಸುಮ್ನೆ ನಕ್ಕು, ಎದ್ದು ಹೋಗುತ್ತಾನೆ. ಮುಂದಿನ ಸಲ ಬರುವುದಿಲ್ಲ. ರೂಲ್ಸ್ ಬೇಡ ಅನ್ನುವವರು ಹೊಸಬರ ಪರವಾಗಿ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರಲ್ಲ, ಅದೇ ನನಗೆ ತಮಾಷೆ.

ಇದಕ್ಕಿಂತ ಜಾಸ್ತಿ ಹಾಳು ಮಾಡುವುದು ಎಲೆ ಬಿಸಾಕಿ ಕೂತವರ ಬಾಯಿ. ಫ್ಲಾಪ್‌ನಲ್ಲಿ ಎರಡು ಎಂಟು, ಒಂದು ರಾಣಿ ಬಂತು ಅಂದುಕೊಳ್ಳಿ. ಆಗಲೇ ಫೋಲ್ಡ್ ಮಾಡಿ, ಅಂದರೆ ಎಲೆ ಬಿಸಾಕಿ ಆ ಆಟದಿಂದ ಹೊರಬಿದ್ದವನೊಬ್ಬ ಹಣೆ ಚಚ್ಚಿಕೊಂಡು "ಥತ್!" ಅನ್ನುತ್ತಾನೆ. ಅವನು ಎಂಟು ಬಿಸಾಕಿದ್ದಾನೆ ಅಂತ ಇಡೀ ಮೇಜಿಗೆ ಗೊತ್ತಾಯಿತು. ಇಡೀ ಕಟ್ಟಿನಲ್ಲಿರುವುದು ನಾಲ್ಕೇ ಎಂಟು. ಎರಡು ಮೇಜಿನ ಮೇಲಿವೆ, ಒಂದು ಹೋಯಿತು, ಉಳಿದದ್ದು ಒಂದೇ. ಕೈಯಲ್ಲಿ ರಾಣಿ ಇಟ್ಟುಕೊಂಡು, ಯಾರಿಗಾದರೂ ಮೂರು ಎಂಟು ಕೂಡಿದರೆ ಸೋತೆ ಅಂತ ಹೆದರುತ್ತಿದ್ದವನ ಹೆದರಿಕೆ ಅಲ್ಲಿಗೆ ಅರ್ಧ ಇಳಿಯಿತು. ಎಂಟು ಇದ್ದವನ ಹಾಗೆ ನಟಿಸಿ ಬ್ಲಫ್ ಮಾಡಬೇಕು ಅಂತಿದ್ದವನ ದಾರಿ ಮುಚ್ಚಿತು. ಆಟದಲ್ಲೇ ಇಲ್ಲದವನ ಒಂದು ಉದ್ಗಾರ ಇಬ್ಬರ ಲೆಕ್ಕವನ್ನೂ ತಲೆಕೆಳಗು ಮಾಡಿತು. ಹಾಗಾಗಿ ನಮ್ಮಲ್ಲಿ ಎಲೆ ಬಿಸಾಕಿದವರು ಆ ಆಟ ಮುಗಿಯುವವರೆಗೆ ಎಲೆಯ ಮಾತು ಎತ್ತುವ ಹಾಗಿಲ್ಲ. ಊರ ಸುದ್ದಿ ಎಷ್ಟು ಬೇಕಾದರೂ ಮಾತಾಡಿ. ಪಕ್ಕದವನ ಎಲೆ ಬಗ್ಗಿ ನೋಡಿ "ಹಾಕು, ಹಾಕು" ಅನ್ನುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಒಬ್ಬನ ಎಲೆಗೆ ಒಬ್ಬನೇ ಆಟಗಾರ.

ಸರದಿ ತಪ್ಪಿ ಆಡುವುದೂ ಹಾಗೆಯೇ. ಸರದಿ ಇನ್ನೂ ಬರದವನು ಅವಸರಕ್ಕೆ "ಚೆಕ್" (ಏನೂ ಹಾಕದೆ ಸರದಿ ದಾಟಿಸುತ್ತೇನೆ) ಅಂದುಬಿಟ್ಟರೆ, ಅವನಿಗಿಂತ ಮೊದಲು ಆಡಬೇಕಾದವನಿಗೆ ಅವನು ದುರ್ಬಲ ಅಂತ ಗೊತ್ತಾಗಿ ಹೋಗುತ್ತದೆ. ಮೊದಲು ಸರದಿ ಇದ್ದವನು ಆಡಬೇಕು. ಅವನೂ ಚೆಕ್ ಮಾಡಿದರೆ, ಅವಸರಪಟ್ಟವನು ಆಡಿದ ಮಾತಿಗೆ ಕಟ್ಟುಬೀಳಬೇಕು. ಸರದಿ ಇದ್ದವನು ಬೆಟ್ ಹಾಕಿದರೆ ಪರಿಸ್ಥಿತಿ ಬದಲಾಯಿತು, ಆಗ ಅವಸರಪಟ್ಟವನು ಹೊಸದಾಗಿ ಯೋಚಿಸಬಹುದು.

ಹಂಚುವವನ ಕೈ ಮುಂದೆ ಓಡುವುದು ಇನ್ನೊಂದು. ಫ್ಲಾಪ್ ಸುತ್ತಿನಲ್ಲಿ ಒಬ್ಬನ ಸರದಿ ಬಾಕಿ ಇರುವಾಗಲೇ ಟರ್ನ್ ಎಲೆ ಬಿಚ್ಚಿಬಿಟ್ಟ. "ಇರಲಿ ಬಿಡು, ಬಂದದ್ದು ಬಂತು" ಅನ್ನುತ್ತಾರೆ ಎಲ್ಲರೂ. ಆದರೆ ಉಳಿದವನು ಮುಂದಿನ ಎಲೆ ನೋಡಿಕೊಂಡು ನಿರ್ಧಾರ ಮಾಡುವ ಹಾಗಾಯಿತಲ್ಲ. ಇದಕ್ಕೆ ಒಳ್ಳೆಯ ಪರಿಹಾರ ಇದೆ. ಬಿಚ್ಚಿದ ಎಲೆಯನ್ನು ಪಕ್ಕಕ್ಕಿಟ್ಟು ಆ ಸುತ್ತು ಮುಗಿಸಬೇಕು. ಆಮೇಲೆ ಎಂದಿನಂತೆ ಒಂದು ಎಲೆ ಮುಚ್ಚಿ ಬದಿಗಿಟ್ಟು, ರಿವರ್ ಆಗಬೇಕಿದ್ದ ಎಲೆಯನ್ನು ಟರ್ನ್ ಜಾಗಕ್ಕೆ ಹಾಕಬೇಕು. ಆ ಸುತ್ತೂ ಮುಗಿದ ಮೇಲೆ, ಅವಸರಕ್ಕೆ ಬಿಚ್ಚಿ ಪಕ್ಕಕ್ಕಿಟ್ಟಿದ್ದ ಎಲೆಯನ್ನು ಉಳಿದ ಕಟ್ಟಿಗೆ ಸೇರಿಸಿ ಕಲಸಿ, ಕಟ್ ಮಾಡಿ ರಿವರ್ ಬಿಚ್ಚಬೇಕು. ಈ ಸಲ ಬದಿಗೆ ಎಲೆ ಇಡುವುದಿಲ್ಲ. ಅವಸರಕ್ಕೆ ಬಿದ್ದ ಎಲೆಗೆ ಮತ್ತೆ ಬರುವ ಅವಕಾಶ ಉಳಿಯುತ್ತದೆ, ಟರ್ನ್‌ಗೆ ಯಾರೂ ನೋಡಿರದ ಎಲೆ ಬರುತ್ತದೆ. ಮೊದಲ ಸಲ ಕೇಳಿದಾಗ ತಲೆ ಕೆಡುತ್ತದೆ. ಒಮ್ಮೆ ಮಾಡಿ ನೋಡಿದರೆ ಎಷ್ಟು ನೀಟಾಗಿದೆ ಅಂತ ತಿಳಿಯುತ್ತದೆ.

ಚಿಪ್ಸ್ ವಿಷಯದಲ್ಲಿ ಒಂದೇ ಮಾತು. ಒಂದೊಂದು ಸಲ ಎಲೆ ಹಂಚುವಾಗ ಮೇಜಿನ ಮೇಲೆ ಎಷ್ಟಿತ್ತೋ ಅಷ್ಟರಲ್ಲೇ ಆಡಬೇಕು. ಒಳ್ಳೆ ಎಲೆ ಬಂತು ಅಂತ ನಡುವೆ ಜೇಬಿನಿಂದ ತೆಗೆಯುವ ಹಾಗಿಲ್ಲ, ಗೆದ್ದದ್ದನ್ನು ಜೇಬಿಗೆ ಇಳಿಸುವ ಹಾಗೂ ಇಲ್ಲ, "ಆಮೇಲೆ ಕೊಡ್ತೀನಿ" ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಸ್ನೇಹಿತರ ನಡುವೆ ಮನಸ್ತಾಪ ಬರುವುದು ಸೋತದ್ದಕ್ಕಲ್ಲ, ಈ "ಆಮೇಲೆ"ಗೆ. ಮೂವರು ಆಲ್-ಇನ್ ಹೋದಾಗ (ತಮ್ಮ ಚಿಪ್ಸನ್ನೆಲ್ಲ ಹಾಕಿಬಿಟ್ಟಾಗ) ಮೊದಲು ಪಾಟ್, ಅಂದರೆ ನಡುವೆ ಬಿದ್ದ ಹಣ, ಬೇರೆ ಮಾಡಿ, ಆಮೇಲೆ ಎಲೆ ಬಿಚ್ಚಿ. 500, 1200, 2000 ಇದ್ದವರು ಹೋದರು ಅಂತಿಟ್ಟುಕೊಳ್ಳಿ. ಮುಖ್ಯ ಪಾಟ್ 1500, ಅದಕ್ಕೆ ಮೂವರೂ ಹಕ್ಕುದಾರರು. ಸೈಡ್ ಪಾಟ್ 1400, ದೊಡ್ಡ ಇಬ್ಬರಿಗೆ ಮಾತ್ರ. ಮಿಕ್ಕ 800 ಹಾಕಿದವನಿಗೇ ವಾಪಸ್.

ಇನ್ನು ಸಡಿಲ ಬಿಡುವ ಕಡೆ. ಯಾರ ಸರದಿ ಅಂತ ಹತ್ತು ಸಲ ಕೇಳಿದರೂ ನನಗೆ ಬೇಜಾರಿಲ್ಲ. ಕಳಾವರ್ ಯಾವುದು, ಇಸ್ಪೀಟ್ ಯಾವುದು ಅಂತ ಎಲೆ ಎತ್ತಿ ಎತ್ತಿ ನೋಡಿದರೂ ಪರವಾಗಿಲ್ಲ. ಕೊನೆಯಲ್ಲಿ ಗೆಲ್ಲುವ ಫ್ಲಷ್ (ಒಂದೇ ಜಾತಿಯ ಐದು ಎಲೆ, ಎರಡು ಜೋಡಿಗಿಂತ ದೊಡ್ಡದು) ಇಟ್ಟುಕೊಂಡು "ಎರಡು ಜೋಡಿ" ಅಂತ ಹೇಳಿದವನಿಗೆ ಪಾಟ್ ಕೊಡಲೇಬೇಕು. ಬಿಚ್ಚಿಟ್ಟ ಎಲೆ ಏನು ಹೇಳುತ್ತದೋ ಅದೇ ಲೆಕ್ಕ, ಬಾಯಿ ಮಾತಲ್ಲ. ಅದನ್ನು ಯಾರು ಬೇಕಾದರೂ ತೋರಿಸಿಕೊಡಬಹುದು. ಗೆದ್ದದ್ದು ಖಾತ್ರಿ ಇದ್ದರೂ ಬೇಕೆಂದೇ ತಡ ಮಾಡಿ, ಎದುರಿನವನು ಪಾಟ್‌ಗೆ ಕೈ ಚಾಚಿದ ಮೇಲೆ ಎಲೆ ಬಿಚ್ಚುವವರಿದ್ದಾರೆ. ಅದು ರೂಲ್ ಪ್ರಕಾರ ತಪ್ಪಲ್ಲ, ನನಗೆ ಮಾತ್ರ ಮೈ ಉರಿಯುತ್ತದೆ.

ಹೊಸಬ ಸ್ಟ್ರಿಂಗ್ ಬೆಟ್ ಮಾಡಿದರೆ ಏನು ಮಾಡಬೇಕು? ಎದುರಿನವನು ಇನ್ನೂ ಎಲೆಯನ್ನೇ ನೋಡುತ್ತಾ ಕೂತಿದ್ದಾನೆ, ಇವನಿಗೆ ಏನೂ ಸುಳಿವು ಸಿಕ್ಕಿಲ್ಲ ಅಂದರೆ ಈ ಸಲಕ್ಕೆ ಬಿಡುತ್ತೇನೆ, ಮುಂದಿನ ಆಟದಿಂದ ಹೀಗೆ ಅಂತ ಹೇಳಿಕೊಡುತ್ತೇನೆ. ಇದೇನೂ ನನ್ನ ಸ್ವಂತ ಉದಾರತೆಯಲ್ಲ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಪೋಕರ್ ಟೂರ್ನಮೆಂಟ್‌ಗಳಿಗೆ ಒಂದೇ ರೀತಿಯ ನಿಯಮಗಳನ್ನು ಮಾಡಿಟ್ಟಿದೆ. ಅದರ ಮೊದಲ ನಿಯಮವೇ ಆಟದ ಹಿತ ಮತ್ತು ನ್ಯಾಯಕ್ಕೆ ಮೊದಲ ಜಾಗ ಕೊಡುತ್ತದೆ. ಅಪರೂಪದ ಸಂದರ್ಭದಲ್ಲಿ ನಿಯಮದ ಅಕ್ಷರವನ್ನೂ ಮೀರಿ ನ್ಯಾಯ ನೋಡಬಹುದು ಅನ್ನುತ್ತದೆ. ದೊಡ್ಡ ದೊಡ್ಡ ಟೂರ್ನಮೆಂಟ್‌ಗಳಿಗೇ ಅಷ್ಟು ಸಡಿಲ ಇರುವಾಗ ನಮ್ಮದೇನು!

ಆದರೆ ಅಲ್ಲಿ ತೀರ್ಪು ಕೊಡುವವನು ಆಟದಲ್ಲಿ ಇರುವುದಿಲ್ಲ. ಮನೆಯಲ್ಲಿ ಎಲ್ಲರೂ ಇರುತ್ತಾರೆ, ಬ್ಯಾಟ್ ಹಿಡಿದವನೇ ಅಂಪೈರ್ ಆದ ಹಾಗೆ. ಅದಕ್ಕೆ ನಾವು ಎರಡು ಏರ್ಪಾಡು ಮಾಡಿಕೊಂಡಿದ್ದೇವೆ. ಮುಖ್ಯ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಆಟ ಶುರುವಾಗುವ ಮುಂಚೆಯೇ ಓದಿಬಿಡುತ್ತೇವೆ. ತಕರಾರು ಬಂದರೆ, ಆ ಆಟದಲ್ಲಿ ಎಲೆ ಬಿಸಾಕಿದವರಲ್ಲಿ ಒಬ್ಬರು ತೀರ್ಮಾನ ಹೇಳುತ್ತಾರೆ. ಮನೆ ನನ್ನದೇ ಆದರೂ ನನ್ನ ಕೈಯಲ್ಲಿ ಎಲೆ ಇದ್ದಾಗ ನಾನು ಬಾಯಿ ಬಿಡುವುದಿಲ್ಲ. ಹಾಳೆಯಲ್ಲಿ ಇಲ್ಲದ ಸಮಸ್ಯೆ ಬಂದರೆ ಅವರು ಹೇಳಿದ್ದನ್ನು ಆ ಹೊತ್ತಿಗೆ ಒಪ್ಪಿ, ಸರಿಯೋ ತಪ್ಪೋ ಅನ್ನುವ ಚರ್ಚೆಯನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳುತ್ತೇವೆ. ಪಾಟ್ ಮೇಜಿನ ಮೇಲಿರುವಾಗ ಹೊಸ ರೂಲ್ ಮಾಡಿದರೆ ಅದು ಯಾರದೋ ಪರ, ಯಾರದೋ ವಿರುದ್ಧ ಅನ್ನಿಸಿಯೇ ಅನ್ನಿಸುತ್ತದೆ.

ಹೇಳುವ ರೀತಿಯೂ ಮುಖ್ಯ. "ನೀನು ಯಾವಾಗ್ಲೂ ಹೀಗೇ" ಅಂದರೆ ಜಗಳ. "ರೈಸ್ ಅಂತ ಮೊದಲು ಹೇಳಿರಲಿಲ್ಲ, ಕಾಲ್ ಅಷ್ಟೇ" ಅಂದರೆ ಮುಗಿಯಿತು. ದನಿ ಏರಿಸಬೇಡಿ, ಭಾಷಣ ಬೇಡ, ಮುಂದಿನ ಎಲೆ ಹಂಚಿ.

ಗೊತ್ತಿದ್ದೂ ಗೊತ್ತಿದ್ದೂ ಮಾಡುವವನನ್ನು ಏನು ಮಾಡುವುದು ಅಂತಲೂ ಕೇಳುತ್ತಾರೆ. ಮೇಜಿನಲ್ಲಿ ಎಲ್ಲರ ಮುಂದೆ ಏನೂ ಅನ್ನಬೇಡಿ. ಒಬ್ಬನನ್ನೇ ಪಕ್ಕಕ್ಕೆ ಕರೆದು ಒಂದು ಸಲ ಕಡ್ಡಿ ಮುರಿದ ಹಾಗೆ ಹೇಳಿ. ಆಮೇಲೂ ಮುಂದುವರಿಸಿದರೆ ಅವನ ಜೊತೆ ಬೇರೆ ಏನಾದರೂ ಆಡಿ, ಪೋಕರ್‌ಗೆ ಮಾತ್ರ ಕರೆಯಬೇಡಿ.