ಮಾವನ ಲ್ಯಾಪ್‌ಟಾಪ್‌ಗೆ ಡೆಬಿಯನ್

ಮೂಡಿಗೆರೆ ಸಮೀಪದ ತೋಟದ ಮನೆಯಲ್ಲಿರುವ ನನ್ನ ಸೋದರಮಾವನವರಿಗೆ ಕಂಪ್ಯೂಟರ್ ಬೇಕಾಗುವುದು ಮುಖ್ಯವಾಗಿ ಎರಡು ಕೆಲಸಗಳಿಗೆ: ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ದಾಖಲಿಸಲು ಮತ್ತು ತೋಟದ ಆಳುಗಳ ಬಟವಾಡೆಯ ಲೆಕ್ಕ ಇಡಲು. ಎರಡು ಮಳೆಗಾಲಗಳ ಹಿಂದೆ, ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟು ಹೋಗಿ, ಅವರ ಹಳೆಯ ಡೆಸ್ಕ್‌ಟಾಪ್ ಮತ್ತೆ ಶುರುವಾಗಲೇ ಇಲ್ಲ. ನಾಲ್ಕು ವರ್ಷಗಳ ಮಳೆ ಲೆಕ್ಕವನ್ನು ಕೈಬರಹದ ಪುಸ್ತಕ ನೋಡಿ ಮತ್ತೆ ತುಂಬಿಸಬೇಕಾಯಿತು. ಅಂದಿನಿಂದ ಅಪ್‌ಡೇಟ್ ಎಂಬ ಮಾತು ಬಂದಾಗಲೆಲ್ಲ, "ಇರುವುದು ಸರಿಯಾಗಿಯೇ ಇದೆಯಲ್ಲ ಮಾರಾಯ, ಅದನ್ನು ಯಾಕೆ ಕೆದಕುವುದು?" ಎನ್ನುತ್ತಾರೆ.

ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅವರ ತಕರಾರು ಭದ್ರತೆಯ ತಿದ್ದುಪಡಿಗಳ ಮೇಲಲ್ಲ. ಕೇಳದೆ ಕೆಲಸ ನಿಲ್ಲಿಸುವುದರ ಮೇಲೆ, ನಿನ್ನೆ ಇದ್ದ ಗುಂಡಿ ಇಂದು ಬೇರೆಡೆಗೆ ಹೋಗುವುದರ ಮೇಲೆ. ಆದ್ದರಿಂದ ಅಪ್‌ಡೇಟ್ ಇಲ್ಲದ ವ್ಯವಸ್ಥೆಯನ್ನಲ್ಲ, ಸದ್ದಿಲ್ಲದೆ ದೋಷಗಳನ್ನಷ್ಟೇ ಸರಿಪಡಿಸುವ ವ್ಯವಸ್ಥೆಯನ್ನು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂಗಳಲ್ಲಿ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ, ಹುಡುಕಿದೆ.

ಸದಾ ಹೊಸ ಆವೃತ್ತಿಗಳನ್ನು ತರುತ್ತಲೇ ಇರುವ ಆರ್ಚ್‌ನಂತಹವುಗಳನ್ನು ಮೊದಲೇ ಕೈಬಿಟ್ಟೆ. ಫೆಡೋರಾ ಸಿಲ್ವರ್‌ಬ್ಲೂ ನನ್ನನ್ನು ಬಹಳವಾಗಿ ಸೆಳೆಯಿತು: ಅದು ಇಡೀ ವ್ಯವಸ್ಥೆಯ ಹೊಸ ಪ್ರತಿಯನ್ನು ಪಕ್ಕದಲ್ಲಿ ಸಿದ್ಧಪಡಿಸಿ, ಹಳೆಯದನ್ನು ಉಳಿಸಿಕೊಳ್ಳುವುದರಿಂದ, ಎಡವಟ್ಟಾದರೆ ಹಿಂದಿನ ಪ್ರತಿಗೆ ಮರಳಬಹುದು. ಆದರೆ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಬೆಂಬಲ, ಅಂದರೆ ತಿದ್ದುಪಡಿಗಳು, ಸಿಗುವಾಗ, ವರ್ಷಕ್ಕೊಮ್ಮೆಯಾದರೂ ದೊಡ್ಡ ಬದಲಾವಣೆ ತಪ್ಪದು. ಲಿನಕ್ಸ್ ಮಿಂಟ್ ಕೂಡ ಒಳ್ಳೆಯ ಆಯ್ಕೆಯೇ. ಬೇರೆ ಯಾರಿಗಾದರೂ ನಾನು ಅದನ್ನೇ ಹೇಳುತ್ತಿದ್ದೆ.

ಕೊನೆಗೆ ಡೆಬಿಯನ್ 13 ಅನ್ನು ಎಕ್ಸ್‌ಎಫ್‌ಸಿಇ ಎಂಬ ಪರದೆಯ ವಿನ್ಯಾಸದೊಂದಿಗೆ (ಮೆನು, ಕಿಟಕಿಗಳ ಏರ್ಪಾಡು) ಹಾಕಿದೆ. 2025ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಗೆ ಮೂರು ವರ್ಷಗಳ ಪೂರ್ಣ ಬೆಂಬಲವೂ, ಅನಂತರ 2030ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವೂ ಇದೆ. ಈ ಅವಧಿಯಲ್ಲಿ ತಂತ್ರಾಂಶಗಳ ಆವೃತ್ತಿಗಳು ಬಹುಮಟ್ಟಿಗೆ ಹಾಗೆಯೇ ಉಳಿದು, ತಿದ್ದುಪಡಿಗಳು ಮಾತ್ರ ಬರುತ್ತವೆ. ಬ್ರೌಸರ್ ಇದಕ್ಕೊಂದು ಅಪವಾದ.

ನನ್ನ ನಿರ್ಧಾರವನ್ನು ಗಟ್ಟಿ ಮಾಡಿದ್ದು 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂಬ ಪ್ಯಾಕೇಜು. ಅದು ತಾನಾಗಿಯೇ ತಿದ್ದುಪಡಿಗಳನ್ನು ತಂದು ಹಾಕುತ್ತದೆ, ನಾವಾಗಿ ಹೇಳದ ಹೊರತು ಯಂತ್ರವನ್ನು ರೀಸ್ಟಾರ್ಟ್ ಮಾಡುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದರೆ ಅದು ಕೆಲಸವನ್ನೇ ಶುರು ಮಾಡುವುದಿಲ್ಲ, ನಡುವೆ ಕರೆಂಟು ಹೋದರೆ ಕೈಯಲ್ಲಿರುವ ಹಂತವನ್ನು ಮುಗಿಸಿ ಕ್ರಮವಾಗಿ ನಿಲ್ಲುತ್ತದೆ. ಜುಲೈನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವ ಊರಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ನನಗೆ ಕಾಣಲಿಲ್ಲ. ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಕೊಡಿಸಿದ್ದೂ ಇದೇ ಕಾರಣಕ್ಕೆ.

ಕನ್ನಡ ಟೈಪಿಂಗ್‌ಗೆ ಅವರಿಗೆ ರೂಢಿಯಾಗಿರುವ ಕಗಪ ಕೀಲಿಮಣೆ ವಿನ್ಯಾಸ ಇದರಲ್ಲೇ ಸಿಕ್ಕಿತು. ಮಳೆ ಲೆಕ್ಕದ ಕಡತಗಳ ನಕಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದನ್ನು ಅವರೇ ಕಲಿತಿದ್ದಾರೆ. ಮುಂದಿನ ಆವೃತ್ತಿಗೆ ಏರಿಸುವ ಕೆಲಸ ನನ್ನದು. ಅದನ್ನು ಮಳೆಗಾಲದಲ್ಲಿ ಮಾಡಕೂಡದು, ಕಾಫಿ ಕೊಯ್ಲು ಮುಗಿದ ಮೇಲೆ ಬಾ ಎಂದು ಮಾವ ಈಗಲೇ ಹೇಳಿಟ್ಟಿದ್ದಾರೆ.