ಪಾಲು, ಹಾಲು, ಕ್ವೆತ್ತಾ

ಕೋಲಾರದ ನಮ್ಮ ಮನೆಯಲ್ಲಿ ಅಜ್ಜಿ ತೆಲುಗಲ್ಲಿ ‘ಪಾಲು’ ಅನ್ನುತ್ತಾರೆ, ನಾನು ‘ಹಾಲು’ ಅನ್ನುತ್ತೇನೆ. ಹಳಗನ್ನಡದಲ್ಲೂ ಅದು ‘ಪಾಲ್’. ನಮ್ಮ ಕಡೆ ‘ಪ’ ಹೋಗಿ ‘ಹ’ ಬಂತು.

‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಬರೆದ ಟೋಲ್ಕಿನ್ ತನ್ನ ಕಥೆಯ ಕಾಲ್ಪನಿಕ ಜನರಾದ ಎಲ್ಫ್‌ಗಳಿಗೆ ಕಟ್ಟಿಕೊಟ್ಟ ಕ್ವೆನ್ಯಾ, ಸಿಂದರಿನ್ ಭಾಷೆಗಳಲ್ಲೂ ಹೀಗೇ ಅಲ್ವಾ! ‘ಕ್ವೆತ್’ ಅನ್ನೋ ಮೂಲಕ್ಕೆ ‘ಹೇಳು’ ಅಂತ ಅರ್ಥ. ಕ್ವೆನ್ಯಾದಲ್ಲಿ ಅದರಿಂದ ‘ಕ್ವೆತ್ತಾ’ ಆಯಿತು, ಅಂದರೆ ಪದ. ಸಿಂದರಿನ್‌ನಲ್ಲಿ ‘ಕ್ವ’ ಜಾಗಕ್ಕೆ ‘ಪ’ ಬಂದು ‘ಪೆದೊ’ ಆಯಿತು. ಕಾದಂಬರಿಯಲ್ಲಿ ಮೋರಿಯಾ ಅನ್ನೋ ನೆಲದಡಿಯ ನಗರದ ಬಾಗಿಲ ಮೇಲಿರುವ ‘ಪೆದೊ ಮೆಲ್ಲೊನ್’ ಇದೇ: ಸ್ನೇಹಿತ ಅಂತ ಹೇಳು, ಒಳಗೆ ಬಾ. ಸುಮ್ನೆ ಹುಟ್ಟಿಸಿದ ಪದಗಳಿಗೂ ಇಷ್ಟು ಅಚ್ಚುಕಟ್ಟಾದ ವಂಶಾವಳಿ!

ನಿನ್ನೆ ಜಗಲಿಯಲ್ಲಿ ಕೂತು ಜೋರಾಗಿ ‘ಪೆದೊ, ಪೆದೊ’ ಅಂತ ಉಚ್ಚಾರಣೆ ಮಾಡುತ್ತಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದರು. “ಯಾರನ್ನೋ ಪೆದ್ದ ಅಂತಿದ್ದೀಯ?”