ಫೀಸು ಕಟ್ಟುವ ಮೊದಲು ಲೈಸೆನ್ಸ್ ಬೋರ್ಡಿನ ನಿಯಮ ಓದಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಿಗುವ ಬಿಹೇವಿಯರಲ್ ಹೆಲ್ತ್ (ಮಾನಸಿಕ ಆರೋಗ್ಯ, ವರ್ತನೆಗೆ ಸಂಬಂಧಿಸಿದ) ಗ್ರಾಜುಯೇಟ್ ಸರ್ಟಿಫಿಕೇಟ್, ಅಂದರೆ ಪದವಿಯ ನಂತರದ ಚಿಕ್ಕ ಕೋರ್ಸ್, ಒಳ್ಳೆಯ ಓದು. ಆದರೆ ಅದು ಲೈಸೆನ್ಸ್ ಅಲ್ಲ. ಅದೊಂದನ್ನೇ ಮುಗಿಸಿ ಥೆರಪಿ ಕೊಡಲು ಕೂರುವಂತಿಲ್ಲ, ಸೈಕಾಲಜಿಸ್ಟ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಮನೆ, ಮಕ್ಕಳು ಎಂದು ಕೆಲವು ವರ್ಷ ಕೆಲಸ ಬಿಟ್ಟು ಈಗ ಈ ದಾರಿಗೆ ಬರುವ ಕನ್ನಡಿಗರು ಇದನ್ನು ಮೊದಲೇ ತಿಳಿದುಕೊಳ್ಳಬೇಕು.

ಕೌನ್ಸೆಲರ್ ಆಗಬೇಕೆಂದರೆ ಸಾಮಾನ್ಯವಾಗಿ ಸುಮಾರು 60 ಕ್ರೆಡಿಟ್‌ಗಳ ಮಾಸ್ಟರ್ಸ್ ಬೇಕು. ಕೇಕ್ರೆಪ್ (CACREP, ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಕೋರ್ಸಾದರೆ ಅದರೊಳಗೆ 100 ಗಂಟೆ ಪ್ರಾಕ್ಟಿಕಮ್ (ಮೊದಲ ಹಂತದ ಪ್ರಾಯೋಗಿಕ ತರಬೇತಿ), 600 ಗಂಟೆ ಇಂಟರ್ನ್‌ಶಿಪ್ ಸೇರಿರುತ್ತದೆ. ಡಿಗ್ರಿಯ ನಂತರವೂ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು; ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಅದು 3,000 ಗಂಟೆ. ಸರ್ಟಿಫಿಕೇಟಿನಲ್ಲಿ ಇರುವುದು ಹೆಚ್ಚಾಗಿ 12ರಿಂದ 18 ಕ್ರೆಡಿಟ್, ಅಂದರೆ ನಾಲ್ಕರಿಂದ ಆರು ವಿಷಯ. ಆದ್ದರಿಂದ ನೀವಿರುವ ರಾಜ್ಯದ ಲೈಸೆನ್ಸ್ ಬೋರ್ಡಿನ ನಿಯಮವನ್ನು ಮೊದಲು ಓದಿ, ಕಾಲೇಜಿನ ಬ್ರೋಷರ್ ಆಮೇಲೆ.

ಹಾಗಾದರೆ ಇದು ಯಾರಿಗೆ? ಈಗಾಗಲೇ ನರ್ಸ್, ಶಿಕ್ಷಕಿ, ಫಾರ್ಮಸಿಸ್ಟ್ ಆಗಿರುವವರಿಗೆ ಇದರಿಂದ ಇರುವ ಕೆಲಸಕ್ಕೇ ಬಲ ಬರುತ್ತದೆ. ಕ್ಲಿನಿಕ್‌ಗಳಲ್ಲಿ ಕೇರ್ ಕೋಆರ್ಡಿನೇಟರ್, ಕೇಸ್ ಮ್ಯಾನೇಜರ್ ಹುದ್ದೆ ಹುಡುಕುವವರಿಗೂ ಉಪಯೋಗ. ಮಾಸ್ಟರ್ಸ್ ಓದಲು ತಮ್ಮಿಂದ ಆದೀತೇ ಎಂದು ನೋಡಿಕೊಳ್ಳುವವರಿಗಂತೂ ಇದಕ್ಕಿಂತ ಒಳ್ಳೆಯ ಮೆಟ್ಟಿಲು ಇಲ್ಲ, ಒಂದು ಷರತ್ತಿನ ಮೇಲೆ: ಎಷ್ಟು ಕ್ರೆಡಿಟ್ ಮಾಸ್ಟರ್ಸ್‌ಗೆ ವರ್ಗವಾಗುತ್ತದೆ, ಎಷ್ಟು ವರ್ಷದೊಳಗೆ, ಯಾವ ಗ್ರೇಡ್ ಬೇಕು, ಈ ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಂಡಿರಬೇಕು. ಫೋನಿನಲ್ಲಿ ಕೇಳಿದ "ಆಗುತ್ತೆ" ಎಂಬ ಮಾತು ಎರಡು ವರ್ಷದ ನಂತರ ನಿಲ್ಲುವುದಿಲ್ಲ.

ದಾಖಲೆಗಳಿಗೇ ಹೆಚ್ಚು ಸಮಯ ಹೋಗುತ್ತದೆ. ಕರ್ನಾಟಕದ ಡಿಗ್ರಿಯನ್ನು ಇಲ್ಲಿಯ ಲೆಕ್ಕಕ್ಕೆ ಹೊಂದಿಸಲು ಕ್ರೆಡೆನ್ಶಿಯಲ್ ಇವ್ಯಾಲ್ಯುಯೇಶನ್ ಮಾಡಿಸಬೇಕು. ಅದರಲ್ಲಿ ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ತೋರಿಸುವ 'ಕೋರ್ಸ್-ಬೈ-ಕೋರ್ಸ್' ಎಂಬುದನ್ನೇ ಆರಿಸಿ. ಡಿಗ್ರಿಯನ್ನಷ್ಟೇ ಹೇಳುವ ಅಗ್ಗದ ವರದಿ ತಂದು ಮತ್ತೆ ದುಡ್ಡು ಕಟ್ಟುವವರಿದ್ದಾರೆ. ಮಾರ್ಕ್ಸ್ ಕಾರ್ಡ್ ಬೇರೆ, ಇಡೀ ಓದಿನ ವಿಷಯ, ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್ ಬೇರೆ. ಟ್ರಾನ್ಸ್‌ಕ್ರಿಪ್ಟನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ನೇರವಾಗಿ ಕಳಿಸಬೇಕು. ಊರಿನಲ್ಲಿ ಅಣ್ಣನೋ ತಂಗಿಯೋ ಕಚೇರಿಗೆ ಓಡಾಡಬೇಕಾಗಬಹುದು, ಅದಕ್ಕೇ ಕೆಲವು ತಿಂಗಳು ಎತ್ತಿಡಿ. ಮೂರು ವರ್ಷದ ಬಿ.ಎ., ಬಿ.ಎಸ್ಸಿ.ಯನ್ನು ಕೆಲವು ಕಡೆ ಪೂರ್ಣ ಪದವಿ ಎಂದು ಒಪ್ಪುತ್ತಾರೆ, ಕೆಲವು ಕಡೆ ಇಲ್ಲ. ಅರ್ಜಿ ಶುಲ್ಕ ಕಟ್ಟುವ ಮುಂಚೆಯೇ ಕೇಳಿ.

ವೀಸಾ ವಿಷಯ. ಎಚ್-4ರಲ್ಲಿ (ಎಚ್-1ಬಿ ಉದ್ಯೋಗಿಯಂಥವರ ಸಂಗಾತಿ, ಮಕ್ಕಳ ವೀಸಾ) ಓದಬಹುದು, ಆದರೆ ವರ್ಕ್ ಪರ್ಮಿಟ್ ಇಲ್ಲದೆ ದುಡಿಯುವಂತಿಲ್ಲ. ಸಂಬಳವಿಲ್ಲದ ಪ್ರಾಕ್ಟಿಕಮ್ ಆದರೂ ಸೇರುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ. ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ಕ್ಲಾಸು ಹಿಡಿಯುತ್ತದೆ. ಹಾಗಾಗಿ ಪೂರ್ತಿ ಆನ್‌ಲೈನ್ ಸರ್ಟಿಫಿಕೇಟು ಎಫ್-1ಗೆ ಹೊಂದುವುದಿಲ್ಲ.

ಸಮಯದ ಲೆಕ್ಕ ತಪ್ಪಿ ಅರ್ಧಕ್ಕೆ ಬಿಡುವವರೂ ಇದ್ದಾರೆ. 3 ಕ್ರೆಡಿಟ್‌ನ ಒಂದು ವಿಷಯಕ್ಕೆ 15 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ 3 ಗಂಟೆ ಕ್ಲಾಸು, 6 ಗಂಟೆ ಮನೆ ಓದು: ಒಟ್ಟು 135 ಗಂಟೆ. ಅದೇ ವಿಷಯವನ್ನು 8 ವಾರದ ಟರ್ಮಿನಲ್ಲಿ ತೆಗೆದುಕೊಂಡರೆ ವಾರಕ್ಕೆ ಸುಮಾರು 17 ಗಂಟೆ. ಕೆಲಸವೋ ಪುಟ್ಟ ಮಕ್ಕಳೋ ಇದ್ದರೆ ಮೊದಲ ಸೆಮಿಸ್ಟರಿಗೆ ಒಂದೇ ವಿಷಯ ಸಾಕು.

ಓದಿನೊಳಗೆ ಬಂದರೆ, ಮೊದಮೊದಲೇ ಕೈಗೆ ಸಿಗುವುದು ಪಿಎಚ್‌ಕ್ಯೂ-9 (PHQ-9) ಎಂಬ ಪ್ರಶ್ನಾವಳಿ. ಖಿನ್ನತೆ ಪತ್ತೆಗೆ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 27. ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಎಂದು ತೀರ್ಪು ಕೊಟ್ಟಂತಲ್ಲ, ಕೂತು ಸರಿಯಾಗಿ ವಿಚಾರಿಸಬೇಕೆಂದು ಅರ್ಥ. ಇದರ ಕನ್ನಡ ರೂಪವೂ ಇದೆ. ಮಕ್ಕಳ ಮನೆಗೆಂದು ಬಂದ ವಯಸ್ಸಾದ ತಂದೆತಾಯಿ ಎದುರಿಗೆ ಕೂತಾಗ ಕನ್ನಡ ಬಲ್ಲವರ ಬೆಲೆ ಗೊತ್ತಾಗುವುದು ಇಲ್ಲಿಯೇ.

ಮೊದಲ ಪ್ರಶ್ನೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದರ ಬಗ್ಗೆ, ಎರಡನೆಯದು ಮನಸ್ಸು ಕುಗ್ಗಿರುವುದರ ಬಗ್ಗೆ. ನಮ್ಮವರು ಎರಡಕ್ಕೂ ಹೇಳುವುದು ಒಂದೇ, "ಬೇಜಾರು". ಹೊತ್ತು ಹೋಗದಿದ್ದರೂ ಬೇಜಾರು, ಸೊಸೆಯ ಮಾತು ನಾಟಿದರೂ ಬೇಜಾರು, ಬದುಕು ಖಾಲಿ ಅನಿಸಿದರೂ ಬೇಜಾರು. "ಹೆಂಗೆ ಬೇಜಾರು? ಮೊದಲು ಮಾಡ್ತಿದ್ದ ಯಾವ ಕೆಲಸ ಈಗ ಬೇಡ ಅನ್ನಿಸ್ತಿದೆ?" ಎಂದು ಬಿಡಿಸಿ ಕೇಳದೆ ಅಂಕ ಹಾಕಿದರೆ ಆ ಅಂಕಕ್ಕೆ ಅರ್ಥವಿಲ್ಲ. "ಸಾಕಾಗಿಬಿಟ್ಟಿದೆ" ಎಂಬುದು ಇನ್ನೂ ಸೂಕ್ಷ್ಮ. ಅದು ನಾಲ್ಕನೇ ಪ್ರಶ್ನೆಯ ಆಯಾಸವೂ ಆಗಿರಬಹುದು, ಒಂಬತ್ತನೇ ಪ್ರಶ್ನೆ ಕೇಳುವ ಸಾವಿನ ಯೋಚನೆಯೂ ಆಗಿರಬಹುದು. ಮಗನೋ ಮೊಮ್ಮಗಳೋ ದುಭಾಷಿಯಾಗಿ ಕೂತಿದ್ದರೆ "ಷಿ ಈಸ್ ಟೈರ್ಡ್" ಎಂದು ಮುಗಿಸಿಬಿಡುತ್ತಾರೆ. ಮಕ್ಕಳೆದುರು ಆ ತಾಯಿ ಬಾಯಿ ಬಿಡುವುದೂ ಇಲ್ಲ. ಅದಕ್ಕೇ ಮನೆಯವರನ್ನು ಹೊರಗೆ ಕೂರಿಸಿ, ತರಬೇತಿ ಪಡೆದ ದುಭಾಷಿಯನ್ನು ಫೋನಿನಲ್ಲಾದರೂ ಕರೆಸಬೇಕು.

ಒಟ್ಟು ಅಂಕ 5 ಇದ್ದರೂ ಒಂಬತ್ತನೇ ಪ್ರಶ್ನೆಗೆ 1 ಬಂದಿದ್ದರೆ ಆ ಕಾಗದವನ್ನು ಫೈಲಿಗೆ ಸೇರಿಸಿ ಎದ್ದು ಹೋಗುವಂತಿಲ್ಲ. ಹೊಸಬರು ಎಡವುವ ಜಾಗ ಇದು: ಕೂಡಿಸಿದ ಮೊತ್ತ ನೋಡುತ್ತಾರೆ, ಸಾಲು ನೋಡುವುದಿಲ್ಲ. "ಸಾಯಬೇಕು ಅಂತ ಅನ್ನಿಸುತ್ತಾ ಅಮ್ಮಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಉತ್ತರ ಹೌದು ಎಂದಾದರೆ ಅವರನ್ನು ಒಬ್ಬರನ್ನೇ ಬಿಡದೆ ಮೇಲ್ವಿಚಾರಕರನ್ನು ಕೋಣೆಗೇ ಕರೆಸಿ. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡುವುದಿದ್ದರೂ ಅವರ ಪಕ್ಕದಲ್ಲೇ ಕೂತು ಮಾಡಿ.